ಗೆಳೆಯನ ಬಗ್ಗೆ ಆತಂಕ: ಯಾರಿಗೆ ಹೇಳಬೇಕು, ಹೇಳಿದ ಮೇಲೆ ಏನಾಗುತ್ತದೆ?

2025ರ ಜುಲೈ 25ರಂದು ಸುಪ್ರೀಂ ಕೋರ್ಟ್ ಕೊಟ್ಟ ತೀರ್ಪೊಂದು ದೇಶದ ಎಲ್ಲ ಶಾಲೆ, ಕಾಲೇಜು, ವಿಶ್ವವಿದ್ಯಾಲಯ, ಹಾಸ್ಟೆಲ್ ಮತ್ತು ಕೋಚಿಂಗ್ ಕೇಂದ್ರಗಳ ಮೇಲೆ ವಿದ್ಯಾರ್ಥಿಗಳ ಮಾನಸಿಕ ಆರೋಗ್ಯದ ಹೊಣೆ ಹೊರಿಸಿತು. ಸಂಕಟದಲ್ಲಿರುವ ವಿದ್ಯಾರ್ಥಿಯನ್ನು ಗುರುತಿಸಬೇಕು, ತಡಮಾಡದೆ ನೆರವಿಗೆ ಕಳಿಸಬೇಕು, ಪಾಠ ಮಾಡುವವರಿಂದ ಹಿಡಿದು ಕಚೇರಿಯ ಸಿಬ್ಬಂದಿವರೆಗೆ ಎಲ್ಲರಿಗೂ ಇದರ ತರಬೇತಿ ಆಗಬೇಕು ಎಂದು ಅದು ಹೇಳಿತು. ಸುದ್ದಿಯ ತಲೆಬರಹ ಎಲ್ಲರಿಗೂ ಅರ್ಥವಾಯಿತು. ದಿನನಿತ್ಯದ ಕಾಲೇಜಿನಲ್ಲಿ ಇದು ಹೇಗೆ ನಡೆಯುತ್ತದೆ ಎಂಬುದು ಮಾತ್ರ ಹಲವರಿಗೆ ಇನ್ನೂ ಒಗಟು.

ಒಂದು ಸಾಮಾನ್ಯ ಸನ್ನಿವೇಶ ನೋಡಿ. ಹಾಸ್ಟೆಲಿನಲ್ಲಿ ಪಕ್ಕದ ಮಂಚದ ಹುಡುಗ ಹತ್ತು ದಿನದಿಂದ ಕ್ಲಾಸಿಗೆ ಹೋಗಿಲ್ಲ. ಮೆಸ್ಸಿಗೂ ಇಳಿಯುತ್ತಿಲ್ಲ. ರಾತ್ರಿ ಎರಡಕ್ಕೂ ಎಚ್ಚರವಿರುತ್ತಾನೆ. ಮಾತಿನ ನಡುವೆ ಒಮ್ಮೆ ‘ನಾನೊಬ್ಬ ಇಲ್ದಿದ್ರೆ ಎಲ್ಲರಿಗೂ ಆರಾಮ’ ಅಂದ. ಇದನ್ನು ಕೇಳಿಸಿಕೊಂಡ ರೂಮ್‌ಮೇಟ್‌ಗೆ ಹೊಟ್ಟೆಯಲ್ಲಿ ಕಸಿವಿಸಿ. ನಿಲಯಪಾಲಕರಿಗೆ ಹೇಳಿದರೆ ಅವರು ಮನೆಗೆ ಫೋನ್ ಮಾಡುತ್ತಾರೆ. ಮನೆಯವರು ಬಂದು ಕರೆದುಕೊಂಡು ಹೋದರೆ ಓದು ನಿಲ್ಲುತ್ತದೆ. ಗೆಳೆಯ ‘ಚಾಡಿ ಹೇಳಿದೆ’ ಎಂದು ಮಾತು ಬಿಡುತ್ತಾನೆ. ಸುಮ್ಮನಿದ್ದರೆ? ಆ ಪ್ರಶ್ನೆಯನ್ನು ಪೂರ್ತಿ ಯೋಚಿಸುವುದಕ್ಕೂ ಅವನಿಗೆ ಭಯ.

ಇಂಥ ಹೊತ್ತಿಗೆ ಕಾನೂನು ಏನು ಹೇಳುತ್ತದೆ, ಎಲ್ಲಿ ಏನೂ ಹೇಳುವುದಿಲ್ಲ, ಹೇಳಿಕೊಂಡವನ ಮೇಲೆ ಅದರ ಪರಿಣಾಮವೇನು ಎಂಬುದನ್ನು ಬಿಡಿಸಿ ನೋಡಬೇಕು.

ತೀರ್ಪಿನಲ್ಲಿ ಏನಿದೆ

ನ್ಯಾಯಮೂರ್ತಿಗಳಾದ ವಿಕ್ರಮ್ ನಾಥ್ ಮತ್ತು ಸಂದೀಪ್ ಮೆಹ್ತಾ ಅವರ ಪೀಠದ ಮುಂದಿದ್ದುದು ವಿಶಾಖಪಟ್ಟಣದಲ್ಲಿ ನೀಟ್ ಪರೀಕ್ಷೆಗೆ ಓದುತ್ತಿದ್ದ 17 ವರ್ಷದ ವಿದ್ಯಾರ್ಥಿನಿಯೊಬ್ಬಳ ಸಾವಿನ ಪ್ರಕರಣ. ತನಿಖೆಯನ್ನು ಸಿಬಿಐಗೆ ಒಪ್ಪಿಸಿದ ಪೀಠ ಅಷ್ಟಕ್ಕೇ ನಿಲ್ಲದೆ 15 ಮಾರ್ಗಸೂಚಿಗಳನ್ನು ಹೊರಡಿಸಿತು. ಈ ವಿಷಯದಲ್ಲಿ ಸರಿಯಾದ ಕಾಯ್ದೆ ಬರುವ ತನಕ ಇವುಗಳಿಗೆ ಕಾನೂನಿನಷ್ಟೇ ಬಲವಿದೆ.

ನಮ್ಮ ವಿಷಯಕ್ಕೆ ಸಂಬಂಧಿಸಿದ ಕೆಲವು ಅಂಶಗಳು ಹೀಗಿವೆ. 100 ಅಥವಾ ಅದಕ್ಕಿಂತ ಹೆಚ್ಚು ವಿದ್ಯಾರ್ಥಿಗಳಿರುವ ಸಂಸ್ಥೆಯಲ್ಲಿ ಅರ್ಹತೆಯಿರುವ ಒಬ್ಬ ಕೌನ್ಸೆಲರ್, ಮನಃಶಾಸ್ತ್ರಜ್ಞ ಅಥವಾ ಸಮಾಜ ಕಾರ್ಯಕರ್ತ ಇರಲೇಬೇಕು. ಅದಕ್ಕಿಂತ ಚಿಕ್ಕ ಸಂಸ್ಥೆಗಳು ಹೊರಗಿನ ತಜ್ಞರೊಂದಿಗೆ ವ್ಯವಸ್ಥೆ ಮಾಡಿಕೊಳ್ಳಬೇಕು. ಸಂಕಟದಲ್ಲಿರುವವರನ್ನು ಆಸ್ಪತ್ರೆಗೆ, ಸಹಾಯವಾಣಿಗೆ ತಲುಪಿಸುವ ಕ್ರಮವನ್ನು ಬರವಣಿಗೆಯಲ್ಲಿ ಇಟ್ಟಿರಬೇಕು. ಟೆಲಿ ಮಾನಸ್ ಸೇರಿದಂತೆ ಸಹಾಯವಾಣಿಗಳ ಸಂಖ್ಯೆಗಳನ್ನು ಹಾಸ್ಟೆಲ್, ತರಗತಿ, ವೆಬ್‌ಸೈಟ್‌ಗಳಲ್ಲಿ ದೊಡ್ಡ ಅಕ್ಷರಗಳಲ್ಲಿ ಹಾಕಬೇಕು. ಬೋಧಕ, ಬೋಧಕೇತರ ಸಿಬ್ಬಂದಿಗೆ ವರ್ಷಕ್ಕೆ ಕನಿಷ್ಠ ಎರಡು ಬಾರಿ ತರಬೇತಿ ಕೊಡಬೇಕು. ಲೈಂಗಿಕ ಕಿರುಕುಳ, ರ‍್ಯಾಗಿಂಗ್, ಜಾತಿಯ ಹೆಸರಿನ ಅವಮಾನದಂಥವುಗಳ ಬಗ್ಗೆ ಗುಟ್ಟಾಗಿ ದೂರು ಕೊಡಲು ಅವಕಾಶವಿರಬೇಕು, ದೂರು ಕೊಟ್ಟವರ ಮೇಲೆ ಸೇಡು ತೀರಿಸಿಕೊಳ್ಳಬಾರದು.

ಈ ತೀರ್ಪಿಗೆ ನಾಲ್ಕು ತಿಂಗಳ ಹಿಂದೆ, ಮಾರ್ಚ್ 24ರಂದು, ಇನ್ನೊಂದು ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ನಿವೃತ್ತ ನ್ಯಾಯಮೂರ್ತಿ ಎಸ್. ರವೀಂದ್ರ ಭಟ್ ಅವರ ಅಧ್ಯಕ್ಷತೆಯಲ್ಲಿ ರಾಷ್ಟ್ರೀಯ ಕಾರ್ಯಪಡೆಯೊಂದನ್ನು ರಚಿಸಿತ್ತು. ಉನ್ನತ ಶಿಕ್ಷಣದಲ್ಲಿರುವವರ ಮಾನಸಿಕ ಆರೋಗ್ಯವೇ ಅದರ ವಿಷಯ. ಎರಡು ಪೀಠಗಳು ಕೆಲವೇ ತಿಂಗಳ ಅಂತರದಲ್ಲಿ ಒಂದೇ ಗಾಯಕ್ಕೆ ಕೈ ಹಾಕಿದ್ದರ ಹಿಂದೆ ಅಂಕಿಗಳಿವೆ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ಪ್ರಕಾರ 2022ರಲ್ಲಿ ಆತ್ಮಹತ್ಯೆಯಿಂದ ತೀರಿಕೊಂಡ 1,70,924 ಮಂದಿಯಲ್ಲಿ 13,044 ಮಂದಿ ವಿದ್ಯಾರ್ಥಿಗಳು. ಅದೇ ವರ್ಷ ‘ಪರೀಕ್ಷೆಯಲ್ಲಿ ಅನುತ್ತೀರ್ಣ’ ಎಂಬ ಕಾರಣ ದಾಖಲಾದ ಸಾವುಗಳು 2,248. ಈ ಎರಡನೆಯ ಸಂಖ್ಯೆಯನ್ನು ಸ್ವಲ್ಪ ನಿಂತು ನೋಡಬೇಕು. ಅವರೆಲ್ಲರೂ ವಿದ್ಯಾರ್ಥಿಗಳೇ ಎಂದುಕೊಂಡರೂ ಅದು ಸುಮಾರು ಆರರಲ್ಲಿ ಒಂದು ಪಾಲು. ಉಳಿದ ಐದು ಪಾಲಿನವರ ಸಂಕಟ ಅಂಕಪಟ್ಟಿಯಲ್ಲಿ ಕಾಣಿಸಿರಲಾರದು. ಇಂಟರ್ನಲ್ಸ್ ಅಂಕ ನೋಡಿ ‘ಹುಡುಗ ಚೆನ್ನಾಗಿದ್ದಾನೆ’ ಎಂದು ತೀರ್ಮಾನಿಸುವ ಕಾಲೇಜಿಗೆ ಅವರು ಕಣ್ಣಿಗೇ ಬೀಳುವುದಿಲ್ಲ.

ಕಾಣುವವರು ಒಬ್ಬರು, ನೆರವಾಗಬಲ್ಲವರು ಇನ್ನೊಬ್ಬರು

ಹಾಗಾದರೆ ಯಾರ ಕಣ್ಣಿಗೆ ಬೀಳುತ್ತಾರೆ? ಮೊದಲು ರೂಮ್‌ಮೇಟ್‌ಗೆ. ಆಮೇಲೆ ಬೆಂಚಿನ ಗೆಳತಿಗೆ, ತಟ್ಟೆ ತೊಳೆಯದೆ ಉಳಿದಿದ್ದನ್ನು ಗಮನಿಸುವ ಅಡುಗೆಯವರಿಗೆ, ರಾತ್ರಿ ಕಾರಿಡಾರಿನಲ್ಲಿ ಒಬ್ಬಳೇ ಓಡಾಡುವುದನ್ನು ನೋಡುವ ಕಾವಲುಗಾರರಿಗೆ, ಪ್ರಾಕ್ಟಿಕಲ್ ರೆಕಾರ್ಡ್ ಬರದೇ ಇದ್ದಾಗ ಲ್ಯಾಬ್ ಸಹಾಯಕರಿಗೆ. ವಾರಕ್ಕೊಮ್ಮೆ ಫೋನಿನಲ್ಲಿ ಮಾತಾಡುವ ಅಮ್ಮನಿಗೆ ದನಿಯ ಏರುಪೇರಿನಲ್ಲೇ ಗೊತ್ತಾಗುವುದುಂಟು. ಇವರಲ್ಲಿ ಯಾರೂ ತಜ್ಞರಲ್ಲ. ಚಿಕಿತ್ಸೆ ಕೊಡಬಲ್ಲ ತಜ್ಞರು ಈ ಮಕ್ಕಳನ್ನು ದಿನಾ ನೋಡುವುದಿಲ್ಲ.

ಈ ಇಬ್ಬರ ನಡುವೆ ದಾರಿ ಮಾಡುವುದಕ್ಕೇ ಕೋರ್ಟು ‘ಎಲ್ಲ ಸಿಬ್ಬಂದಿಗೂ ತರಬೇತಿ’ ಎಂದದ್ದು. ಆದರೆ ನಮ್ಮಲ್ಲಿ ಈ ದಾರಿಗೆ ಒಂದು ಹೆಸರೂ ಸರಿಯಾಗಿ ಇಲ್ಲ. ‘ವರದಿ ಮಾಡು’ ಅಂದರೆ ಕಚೇರಿಯ ವಾಸನೆ ಬರುತ್ತದೆ, ‘ದೂರು ಕೊಡು’ ಅಂದರೆ ಅವನು ತಪ್ಪು ಮಾಡಿದಂತೆ ಆಗುತ್ತದೆ. ಹಾಸ್ಟೆಲಿನ ಮಾತಿನಲ್ಲಿ ಉಳಿಯುವ ಪದ ‘ಚಾಡಿ’ ಒಂದೇ. ದೂರು ಕೊಡುವುದು ಒಬ್ಬನ ವಿರುದ್ಧ. ಆತಂಕ ತಿಳಿಸುವುದು ಒಬ್ಬನ ಪರವಾಗಿ. ಎರಡಕ್ಕೂ ಒಂದೇ ಅರ್ಜಿ ನಮೂನೆ, ಒಂದೇ ಕೊಠಡಿ, ಒಂದೇ ಶಿಸ್ತು ಸಮಿತಿ ಇರುವ ಕಾಲೇಜಿನಲ್ಲಿ ಈ ವ್ಯತ್ಯಾಸವನ್ನು ಹದಿನೆಂಟರ ಹುಡುಗನೊಬ್ಬ ನಂಬುವುದಾದರೂ ಹೇಗೆ?

ಪಿಯು ಕಾಲೇಜೂ ಕಾಲೇಜೇ

ಕರ್ನಾಟಕದಲ್ಲಿ ಇನ್ನೊಂದು ತೊಡಕಿದೆ. ನಾವು ಎಸ್ಸೆಸ್ಸೆಲ್ಸಿ ಮುಗಿಸಿದ ಮರುವರ್ಷವೇ ‘ಕಾಲೇಜಿಗೆ ಹೋಗ್ತಿದ್ದಾಳೆ’ ಅನ್ನುತ್ತೇವೆ. ಆದರೆ ಪ್ರಥಮ ಪಿಯುಸಿಯ ಹುಡುಗಿಗೆ 16 ವರ್ಷ, ಕಾನೂನಿನ ಕಣ್ಣಿನಲ್ಲಿ ಅವಳು ಮಗು. ಪದವಿಯ ಎರಡನೇ ವರ್ಷದವಳು ವಯಸ್ಕಳು. ಹಲವೆಡೆ ಇಬ್ಬರೂ ಒಂದೇ ಆವರಣದಲ್ಲಿ, ಒಂದೇ ಹಾಸ್ಟೆಲಿನಲ್ಲಿ ಇರುತ್ತಾರೆ. ಒಂದೇ ರೀತಿಯ ಆತಂಕಕ್ಕೆ ಕಾನೂನು ಎರಡು ಬಗೆಯ ಉತ್ತರ ಕೊಡುತ್ತದೆ.

2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ ಪ್ರಕಾರ ಚಿಕಿತ್ಸೆಯ ವಿಷಯದಲ್ಲಿ ರೋಗಿಗೆ ನೆರವಾಗಲು ಒಬ್ಬ ‘ನಾಮನಿರ್ದೇಶಿತ ಪ್ರತಿನಿಧಿ’ ಇರುತ್ತಾರೆ. 18 ತುಂಬದವರಿಗೆ ಕಾನೂನುಬದ್ಧ ಪೋಷಕರೇ ಸಾಮಾನ್ಯವಾಗಿ ಆ ಪ್ರತಿನಿಧಿ. ಹಾಗಾಗಿ ಪಿಯು ವಿದ್ಯಾರ್ಥಿಯ ವಿಷಯದಲ್ಲಿ ಮನೆಯವರನ್ನು ದೂರವಿಟ್ಟು ಚಿಕಿತ್ಸೆ ನಡೆಸುವುದು ಕಷ್ಟ. ಲೈಂಗಿಕ ದೌರ್ಜನ್ಯದ ಸಂಗತಿ ಬಾಯಿಬಿಟ್ಟರಂತೂ ಪೋಕ್ಸೊ ಕಾಯ್ದೆಯ 19ನೇ ಕಲಂ ಅನ್ವಯಿಸುತ್ತದೆ. ಆ ಮಾಹಿತಿ ತಿಳಿದ ಯಾರೇ ಆಗಲಿ ಪೊಲೀಸರಿಗೆ ತಿಳಿಸಲೇಬೇಕು, ತಿಳಿಸದಿದ್ದರೆ ಅದೇ ಅಪರಾಧ. ಕೌನ್ಸೆಲರ್ ಮೊದಲ ಭೇಟಿಯಲ್ಲೇ ಇದನ್ನು ವಿದ್ಯಾರ್ಥಿನಿಗೆ ಹೇಳಿರಬೇಕು. ‘ಯಾರಿಗೂ ಹೇಳಲ್ಲ, ಧೈರ್ಯವಾಗಿ ಹೇಳಮ್ಮ’ ಎಂದು ಮಾತು ಕೊಟ್ಟು, ಎಲ್ಲ ಕೇಳಿದ ಮೇಲೆ ‘ಹೇಳಲೇಬೇಕು, ಕಾನೂನು’ ಅಂದರೆ ಆ ಹುಡುಗಿ ಇನ್ನು ಯಾರ ಮುಂದೆಯೂ ಬಾಯಿ ತೆರೆಯುವುದಿಲ್ಲ.

18 ತುಂಬಿದವರ ವಿಷಯ ಬೇರೆ. ಅವರು ತಮ್ಮ ಪ್ರತಿನಿಧಿಯನ್ನು ತಾವೇ ಆರಿಸಿಕೊಳ್ಳಬಹುದು. ಅದಕ್ಕೆ ವಕೀಲರೂ ಬೇಡ, ಛಾಪಾ ಕಾಗದವೂ ಬೇಡ. ಬಿಳಿ ಹಾಳೆಯ ಮೇಲೆ ಬರೆದು ಸಹಿ ಹಾಕಿದರೆ ಸಾಕು. ಆ ಪ್ರತಿನಿಧಿ ಅಪ್ಪನೋ ಅಮ್ಮನೋ ಆಗಿರಲೇಬೇಕೆಂದಿಲ್ಲ. ಅಕ್ಕನಾಗಬಹುದು, ಸೋದರಮಾವನಾಗಬಹುದು, ವಯಸ್ಕ ಗೆಳೆಯನೂ ಆಗಬಹುದು. ಕಾಯ್ದೆ ಜಾರಿಗೆ ಬಂದು ಇಷ್ಟು ವರ್ಷವಾದರೂ ಈ ಸರಳ ಹಾಳೆಯ ಬಗ್ಗೆ ಕಾಲೇಜುಗಳಲ್ಲಿ ಮಾತೇ ಇಲ್ಲದಿರುವುದು ಬೇಸರದ ಸಂಗತಿ.

ಗುಟ್ಟು ಕಾಯುವ ಹೊಣೆ ಯಾರದು

ಅದೇ ಕಾಯ್ದೆಯ 23ನೇ ಕಲಂ ರೋಗಿಯ ಮಾಹಿತಿಯನ್ನು ಗುಟ್ಟಾಗಿಡಬೇಕು ಎನ್ನುತ್ತದೆ. ವಿನಾಯಿತಿಗಳೂ ಇವೆ. ಜೀವಕ್ಕೆ ಅಪಾಯವಿದ್ದಾಗ, ಇನ್ನೊಬ್ಬರಿಗೆ ಹಾನಿಯಾಗುವಂತಿದ್ದಾಗ ಮಾಹಿತಿ ಹೊರಗೆ ಕೊಡಬಹುದು, ಅದೂ ಆ ಅಪಾಯ ತಪ್ಪಿಸಲು ಬೇಕಾದಷ್ಟು ಮಾತ್ರ. ‘ಇವತ್ತು ರಾತ್ರಿ ಅವನನ್ನು ಒಬ್ಬನನ್ನೇ ಬಿಡಬೇಡಿ, ಆಸ್ಪತ್ರೆಗೆ ಕರೆತನ್ನಿ’ ಎಂದು ಮನೆಯವರಿಗೆ ಹೇಳುವುದು ಈ ಮಿತಿಯೊಳಗೆ ಬರುತ್ತದೆ. ಅವನು ಯಾರನ್ನು ಪ್ರೀತಿಸಿದ್ದ, ಕೌನ್ಸೆಲರ್ ಮುಂದೆ ಏನೇನು ಅತ್ತುಕೊಂಡ ಎಂಬುದು ಬರುವುದಿಲ್ಲ.

ಇಲ್ಲಿ ಗಮನಿಸಬೇಕಾದ ಒಂದು ಬಿರುಕಿದೆ. ಈ ಕಲಂ ಕಟ್ಟಿಹಾಕುವುದು ಚಿಕಿತ್ಸೆ, ಆರೈಕೆ ನೀಡುವ ಆರೋಗ್ಯ ವೃತ್ತಿಪರರನ್ನು. ‘ಮೆಂಟರ್’ ಎಂದು 30 ಮಕ್ಕಳ ಪಟ್ಟಿ ಕೈಗೆ ಪಡೆದ ಇತಿಹಾಸದ ಉಪನ್ಯಾಸಕರು ಆರೋಗ್ಯ ವೃತ್ತಿಪರರಲ್ಲ. ಹೆಚ್ಚುವರಿ ಹೊಣೆಯಾಗಿ ‘ಕೌನ್ಸೆಲಿಂಗ್ ಸೆಲ್ ಸಂಚಾಲಕ’ರಾದವರೂ ಅಲ್ಲ. ಅವರ ಮುಂದೆ ವಿದ್ಯಾರ್ಥಿ ಹೇಳಿಕೊಂಡ ಮಾತು ಸ್ಟಾಫ್ ರೂಮಿನಲ್ಲಿ ಚಹಾದ ಜೊತೆ ಹರಡಿದರೆ ಈ ಕಲಂ ಅಡಿಯಲ್ಲಿ ಅವರನ್ನು ಹಿಡಿಯುವುದು ಕಷ್ಟ. ಕಾಲೇಜು ತನ್ನದೇ ನೀತಿಯಲ್ಲಿ ಗೌಪ್ಯತೆಯ ನಿಯಮ ಬರೆದುಕೊಂಡರೆ ಮಾತ್ರ ಈ ಬಿರುಕು ಮುಚ್ಚುತ್ತದೆ. ವಿದ್ಯಾರ್ಥಿಗಳ ಮಾತು ಮೊದಲು ತಲುಪುವುದೇ ಈ ಮೇಷ್ಟ್ರುಗಳಿಗೆ ಆದ್ದರಿಂದ ಇದು ಸಣ್ಣ ವಿಷಯವಲ್ಲ.

ಮನೆಯವರಿಗೆ ಹೇಳಬೇಕೇ?

ಎಲ್ಲಕ್ಕಿಂತ ಬಿಸಿ ಚರ್ಚೆ ಇರುವುದು ಇಲ್ಲಿ. ಪೋಷಕರ ವಾದ ನೇರವಾಗಿದೆ. ಹೊಲ ಅಡವಿಟ್ಟು ಫೀಸು ಕಟ್ಟಿದವರು ನಾವು, ಆಸ್ಪತ್ರೆಗೆ ಸೇರಿಸಬೇಕಾದರೆ ಓಡಿಬರುವವರು ನಾವು, ಹೆಚ್ಚುಕಡಿಮೆಯಾದರೆ ಬಾಳಿಡೀ ಅನುಭವಿಸುವವರು ನಾವು; ನಮಗೆ ಹೇಳದೆ ಮುಚ್ಚಿಡಲು ಕಾಲೇಜು ಯಾರು? ಈ ವಾದವನ್ನು ತಳ್ಳಿಹಾಕುವಂತಿಲ್ಲ. ನಮ್ಮ ದೇಶದಲ್ಲಿ ಮಾನಸಿಕ ಕಾಯಿಲೆಯ ಆರೈಕೆಯ ಭಾರ ಬಹುಪಾಲು ಹೊರುತ್ತಿರುವುದು ಕುಟುಂಬವೇ. ಸರ್ಕಾರದ ಯಾವ ಯೋಜನೆಯೂ ಅಮ್ಮನ ಹಾಗೆ ರಾತ್ರಿಯಿಡೀ ಪಕ್ಕದಲ್ಲಿ ಕೂರುವುದಿಲ್ಲ.

ವಿದ್ಯಾರ್ಥಿಗಳ ಕಡೆಯ ವಾದವೂ ಅಷ್ಟೇ ಗಟ್ಟಿ. ಎಷ್ಟೋ ಸಲ ಸಂಕಟದ ಬೇರು ಮನೆಯಲ್ಲೇ ಇರುತ್ತದೆ. ಬೇಡದ ಮದುವೆಯ ಒತ್ತಾಯ, ಬೇರೆ ಜಾತಿಯವರನ್ನು ಪ್ರೀತಿಸಿದ ಭಯ, ತನ್ನ ಲೈಂಗಿಕತೆಯ ಬಗ್ಗೆ ಹೇಳಿಕೊಳ್ಳಲಾಗದ ಸ್ಥಿತಿ, ಕುಡಿದು ಹೊಡೆಯುವ ಅಪ್ಪ. ಇಂಥವಳ ವಿಷಯದಲ್ಲಿ ಕಾಲೇಜು ಮೊದಲ ಹೆಜ್ಜೆಯಾಗಿ ಮನೆಗೆ ಫೋನ್ ಮಾಡಿದರೆ, ಅವಳು ಯಾವುದರಿಂದ ತಪ್ಪಿಸಿಕೊಂಡು ಬಂದಿದ್ದಳೋ ಅದರ ಕೈಗೇ ಅವಳನ್ನು ಒಪ್ಪಿಸಿದಂತೆ. ಹೆಣ್ಣುಮಕ್ಕಳ ವಿಷಯದಲ್ಲಿ ಪರಿಣಾಮ ಇನ್ನೂ ಬೇಗ ಬರುತ್ತದೆ. ‘ಓದಿದ್ದು ಸಾಕು ಬಾ’ ಎನ್ನುವುದಕ್ಕೆ ಕೆಲವು ಮನೆಗಳಲ್ಲಿ ಒಂದು ಫೋನ್ ಕರೆ ಸಾಕು.

ಮೂರನೆಯದು ಆಡಳಿತ ಮಂಡಳಿಯ ನಿಲುವು. ಅದನ್ನು ಯಾರೂ ಗಟ್ಟಿಯಾಗಿ ಹೇಳುವುದಿಲ್ಲ, ಆದರೆ ನಿರ್ಧಾರಗಳನ್ನು ನಡೆಸುವುದು ಅದೇ. ಆತ್ಮಹತ್ಯೆಗೆ ಪ್ರಚೋದನೆ ಭಾರತೀಯ ನ್ಯಾಯ ಸಂಹಿತೆಯ 108ನೇ ಕಲಂ ಅಡಿಯಲ್ಲಿ ಹತ್ತು ವರ್ಷದವರೆಗೆ ಶಿಕ್ಷೆಯಿರುವ ಅಪರಾಧ. ಕಾಲೇಜಿನ ಹೆಸರು ಸುದ್ದಿಯಲ್ಲಿ ಬಂದರೆ ಮುಂದಿನ ವರ್ಷದ ಪ್ರವೇಶಕ್ಕೆ ಪೆಟ್ಟು. ಹೀಗಾಗಿ ಮನೆಗೆ ತಿಳಿಸುವುದು ಅವರಿಗೆ ಆರೈಕೆಯ ಹೆಜ್ಜೆಗಿಂತ ಹೆಚ್ಚಾಗಿ ಹೊಣೆ ವರ್ಗಾಯಿಸುವ ಹೆಜ್ಜೆಯಾಗುತ್ತದೆ. ‘ನಾವು ತಿಳಿಸಿದ್ದೇವೆ’ ಎಂದು ಪತ್ರಕ್ಕೆ ಸಹಿ ಮಾಡಿಸಿಕೊಂಡರೆ ಅವರ ಕಡತ ಮುಗಿಯಿತು.

ಈ ಮೂರರ ನಡುವೆ ಒಂದು ದಾರಿಯಿದೆ. ಬ್ರಿಟನ್ನಿನ ಬ್ರಿಸ್ಟಲ್ ವಿಶ್ವವಿದ್ಯಾಲಯ 2018ರಲ್ಲಿ ಹೊಸ ಕ್ರಮ ತಂದಿತು. ನಿಮ್ಮ ಕ್ಷೇಮದ ಬಗ್ಗೆ ನಮಗೆ ಗಂಭೀರ ಆತಂಕ ಬಂದರೆ ನೀವು ಹೆಸರಿಸಿದ ವ್ಯಕ್ತಿಗೆ ತಿಳಿಸಬಹುದೇ ಎಂದು ವರ್ಷದ ಆರಂಭದಲ್ಲೇ ಪ್ರತಿ ವಿದ್ಯಾರ್ಥಿಯನ್ನು ಕೇಳುವುದು. ಹತ್ತರಲ್ಲಿ ಒಂಬತ್ತಕ್ಕೂ ಹೆಚ್ಚು ಮಂದಿ ಒಪ್ಪಿದರು. ಮನಸ್ಸು ತಿಳಿಯಾಗಿರುವಾಗ ಕೇಳಿದರೆ ಮಕ್ಕಳು ತಮ್ಮವರ ಹೆಸರು ಕೊಡುತ್ತಾರೆ ಎಂಬುದು ಇದರಿಂದ ಗೊತ್ತಾಯಿತು. ಬಿಕ್ಕಟ್ಟಿನ ರಾತ್ರಿ ಕೇಳಿದರೆ ಕೊಡಲಾರರು. ನಮ್ಮ ಪ್ರವೇಶ ಅರ್ಜಿಯಲ್ಲಿ ‘ತಂದೆ/ಪೋಷಕರ ಮೊಬೈಲ್ ಸಂಖ್ಯೆ’ ಎಂಬ ಕಾಲಂ ಇದೆ. ಅದರ ಕೆಳಗೆ ‘ಕಷ್ಟದ ಹೊತ್ತಿನಲ್ಲಿ ನಾವು ಯಾರನ್ನು ಕರೆಯಬೇಕು?’ ಎಂಬ ಇನ್ನೊಂದು ಸಾಲು ಸೇರಿಸಲು ಯಾವ ಕಾನೂನೂ ಅಡ್ಡಿಯಿಲ್ಲ. ವಯಸ್ಕ ವಿದ್ಯಾರ್ಥಿಗಳಿಗೆ ಅದರ ಜೊತೆಗೇ 2017ರ ಕಾಯ್ದೆಯ ಆ ಬಿಳಿ ಹಾಳೆಯನ್ನೂ ಕೊಡಬಹುದು.

ಮಗಳು ಅಮೆರಿಕದಲ್ಲಿ, ಆತಂಕ ಹಾಸನದಲ್ಲಿ

ಈಗ ಕನ್ನಡದ ಎಷ್ಟೋ ಮನೆಗಳಿಗೆ ಈ ಪ್ರಶ್ನೆ ಕಡಲಾಚೆಯಿಂದ ಬರುತ್ತದೆ. ಎಂ.ಎಸ್. ಓದಲು ಹೋದ ಮಗಳು ಮೂರು ದಿನದಿಂದ ಫೋನ್ ಎತ್ತುತ್ತಿಲ್ಲ. ವಿಶ್ವವಿದ್ಯಾಲಯಕ್ಕೆ ಕರೆ ಮಾಡಿದರೆ ‘ನಾವು ಏನೂ ಹೇಳುವಂತಿಲ್ಲ’ ಎಂಬ ಉತ್ತರ. ಕಾರಣ 1974ರ ಫೆರ್ಪಾ ಕಾಯ್ದೆ. ಅಮೆರಿಕದಲ್ಲಿ ಕಾಲೇಜು ಸೇರಿದ ವಿದ್ಯಾರ್ಥಿಯ ಶೈಕ್ಷಣಿಕ ದಾಖಲೆಗಳ ಮೇಲಿನ ಹಕ್ಕು ಪೋಷಕರಿಂದ ವಿದ್ಯಾರ್ಥಿಗೆ ಹೋಗುತ್ತದೆ.

ಆದರೆ ಆ ಕಾಯ್ದೆ ತಡೆಯುವುದು ಕಾಲೇಜು ಹೇಳುವುದನ್ನು. ಪೋಷಕರು ಹೇಳುವುದನ್ನು ಕೇಳಿಸಿಕೊಳ್ಳಲು ಅಡ್ಡಿಯೇನಿಲ್ಲ. ‘ನನಗೆ ಅಂಕ ಬೇಡ, ಹಾಜರಾತಿ ಬೇಡ. ಮಗಳ ಬಗ್ಗೆ ನನಗೆ ಗೊತ್ತಿರುವುದನ್ನು ಹೇಳುತ್ತೇನೆ, ದಯವಿಟ್ಟು ಯಾರಾದರೂ ಹೋಗಿ ನೋಡಿ’ ಎಂದು ಡೀನ್ ಕಚೇರಿಗೆ ಹೇಳಿದರೆ ಅವರು ಕೇಳಿಸಿಕೊಳ್ಳಬಹುದು, ಸಿಬ್ಬಂದಿಯನ್ನು ಕಳಿಸಬಹುದು. ಕ್ಯಾಂಪಸ್ ಪೊಲೀಸರಿಗೆ ‘ವೆಲ್ಫೇರ್ ಚೆಕ್’ ಕೇಳಿದರೆ ಬಾಗಿಲು ತಟ್ಟಿ ನೋಡುತ್ತಾರೆ. ಅನೇಕ ವಿಶ್ವವಿದ್ಯಾಲಯಗಳ ಜಾಲತಾಣದಲ್ಲಿ ಇಂಥ ಆತಂಕ ತಿಳಿಸಲೆಂದೇ ನಮೂನೆ ಇರುತ್ತದೆ, ಅದನ್ನು ಪೋಷಕರೂ ತುಂಬಬಹುದು.

ಜೀವಕ್ಕೆ ಅಪಾಯವಿದ್ದರೆ ಕಾಲೇಜು ಪೋಷಕರಿಗೆ ತಿಳಿಸಲೂಬಹುದು. ಈ ವಿನಾಯಿತಿ ಮೊದಲಿನಿಂದ ಇದ್ದರೂ ಅಧಿಕಾರಿಗಳು ಅದನ್ನು ಬಳಸಲು ಅಂಜುತ್ತಿದ್ದರು. 2007ರ ಏಪ್ರಿಲ್ 16ರಂದು ವರ್ಜೀನಿಯಾ ಟೆಕ್‌ನಲ್ಲಿ ವಿದ್ಯಾರ್ಥಿಯೊಬ್ಬ 32 ಮಂದಿಯನ್ನು ಕೊಂದ ಮೇಲೆ ಹಿಂತಿರುಗಿ ನೋಡಿದಾಗ, ಅವನ ಬಗ್ಗೆ ಬೇರೆಬೇರೆಯವರಿಗೆ ಬೇರೆಬೇರೆ ತುಣುಕು ಗೊತ್ತಿದ್ದದ್ದು, ಗೌಪ್ಯತೆಯ ಕಾನೂನನ್ನು ತಪ್ಪಾಗಿ ಅರ್ಥಮಾಡಿಕೊಂಡು ಅವರು ಪರಸ್ಪರ ಹೇಳಿಕೊಳ್ಳದೇ ಇದ್ದದ್ದು ಬೆಳಕಿಗೆ ಬಂತು. ಮರುವರ್ಷ ನಿಯಮಗಳನ್ನು ಸಡಿಲಿಸಿದರು. ಬಹಳಷ್ಟು ಕ್ಯಾಂಪಸ್‌ಗಳಲ್ಲಿ ಚದುರಿದ ಸುಳಿವುಗಳನ್ನು ಒಂದೆಡೆ ಕೂಡಿಸುವ ತಂಡಗಳು ಹುಟ್ಟಿದವು.

ಹೇಳಿದ ಮೇಲೆ ನಡೆಯುವುದು

ಅಮೆರಿಕದ ಕಥೆಯ ಮುಂದಿನ ಭಾಗ ನಮಗೆ ಇನ್ನೂ ಮುಖ್ಯ. ಆತಂಕ ತಿಳಿಸುವ ವ್ಯವಸ್ಥೆ ಬಲವಾದಂತೆ ಕೆಲವು ವಿಶ್ವವಿದ್ಯಾಲಯಗಳು ಸಂಕಟದಲ್ಲಿದ್ದ ವಿದ್ಯಾರ್ಥಿಗಳನ್ನು ರಜೆಯ ಹೆಸರಿನಲ್ಲಿ ಮನೆಗೆ ಕಳಿಸತೊಡಗಿದವು. ಮರಳಿ ಬರುವುದು ಕಠಿಣವಾಗಿತ್ತು. ವಿದ್ಯಾರ್ಥಿಗಳು ನ್ಯಾಯಾಲಯಕ್ಕೆ ಹೋದರು. ಸ್ಟ್ಯಾನ್‌ಫರ್ಡ್ 2019ರಲ್ಲಿ, ಯೇಲ್ 2023ರಲ್ಲಿ ದಾವೆಗಳಲ್ಲಿ ರಾಜಿಯಾಗಿ ತಮ್ಮ ರಜೆಯ ನಿಯಮಗಳನ್ನು ಬದಲಿಸಿದವು. ಸಹಾಯ ಕೇಳಿದರೆ ಹೊರಹಾಕುತ್ತಾರೆ ಎಂಬ ಭಯ ಹುಟ್ಟಿದ ಮೇಲೆ ಯಾರೂ ಸಹಾಯ ಕೇಳುವುದಿಲ್ಲ ಎಂಬುದೇ ಅಲ್ಲಿನ ವಿದ್ಯಾರ್ಥಿಗಳ ದೂರಾಗಿತ್ತು.

ನಮ್ಮಲ್ಲಿ ಇದೇ ಸರಪಳಿ ಹೇಗೆ ನಡೆಯುತ್ತದೆ ನೋಡಿ. ರೂಮ್‌ಮೇಟ್ ಧೈರ್ಯಮಾಡಿ ಹೇಳುತ್ತಾನೆ. ನಿಲಯಪಾಲಕರು ಗಾಬರಿಯಾಗಿ ಪ್ರಾಂಶುಪಾಲರಿಗೆ ತಿಳಿಸುತ್ತಾರೆ. ಹುಡುಗನನ್ನು ಚೇಂಬರಿಗೆ ಕರೆಸಿ, ನಾಲ್ಕು ಜನರ ಮುಂದೆ ‘ಏನಪ್ಪಾ ನಿನ್ನ ಕಷ್ಟ?’ ಎಂದು ಕೇಳುತ್ತಾರೆ. ಅವನು ‘ಏನಿಲ್ಲ ಸರ್’ ಅನ್ನುತ್ತಾನೆ. ಮನೆಗೆ ಫೋನ್ ಹೋಗುತ್ತದೆ. ‘ಮಾನಸಿಕವಾಗಿ ಸದೃಢನಿದ್ದಾನೆ ಎಂಬ ವೈದ್ಯರ ಪ್ರಮಾಣಪತ್ರ ತಂದರೆ ಮಾತ್ರ ಹಾಸ್ಟೆಲಿಗೆ ಪ್ರವೇಶ’ ಎಂಬ ಷರತ್ತು ಬರುತ್ತದೆ. ಒಂದು ತಿಂಗಳು ಊರಿನಲ್ಲಿ ಕುಳಿತರೆ ಹಾಜರಾತಿ ಶೇ 75ಕ್ಕಿಂತ ಕೆಳಗಿಳಿಯುತ್ತದೆ. ಶಾರ್ಟೇಜ್ ಪಟ್ಟಿಯಲ್ಲಿ ಹೆಸರು ಬರುತ್ತದೆ, ಪರೀಕ್ಷೆ ತಪ್ಪುತ್ತದೆ, ಬ್ಯಾಕ್‌ಲಾಗ್ ಬೀಳುತ್ತದೆ, ವಿದ್ಯಾರ್ಥಿವೇತನ ನಿಲ್ಲುತ್ತದೆ. ಆತಂಕ ತಿಳಿಸುವ ಮೊದಲು ಅವನಿಗಿದ್ದ ಕಷ್ಟ ಒಂದು, ತಿಳಿಸಿದ ಮೇಲೆ ಆದದ್ದು ಐದು.

ಇದನ್ನೆಲ್ಲ ಆ ಹಾಸ್ಟೆಲಿನ ಉಳಿದ ನೂರು ಮಕ್ಕಳು ನೋಡುತ್ತಿರುತ್ತಾರೆ. ನೋಟಿಸ್ ಬೋರ್ಡಿನಲ್ಲಿ ಎಷ್ಟೇ ದೊಡ್ಡ ಅಕ್ಷರದಲ್ಲಿ ಸಹಾಯವಾಣಿಯ ಸಂಖ್ಯೆ ಇದ್ದರೂ ಅವರು ಕಲಿಯುವುದು ಕಣ್ಣೆದುರು ನಡೆದದ್ದರಿಂದ. ಮುಂದಿನ ಬಾರಿ ಅಂಥದ್ದೇ ಮಾತು ಕೇಳಿಸಿಕೊಂಡವನು ಸುಮ್ಮನಿರುತ್ತಾನೆ. ಆ ಮೌನವನ್ನು ‘ವಿದ್ಯಾರ್ಥಿಗಳಲ್ಲಿ ಅರಿವಿನ ಕೊರತೆ’ ಎಂದು ಸಮಿತಿಗಳು ಬರೆಯುತ್ತವೆ. ಅರಿವು ಅವರಲ್ಲಿ ಬೇಕಾದಷ್ಟಿದೆ, ಇಲ್ಲದಿರುವುದು ಭರವಸೆ.

ಹಾಗಾಗಿ ಈ ತೀರ್ಪಿನ ಜಾರಿಯಲ್ಲಿ ಎಲ್ಲರೂ ಮಾತಾಡುವ ಕೌನ್ಸೆಲರ್ ನೇಮಕದಷ್ಟೇ ಮುಖ್ಯವಾದದ್ದು ಬೇಸರ ತರಿಸುವ ಆಡಳಿತದ ವಿವರಗಳು. ಚಿಕಿತ್ಸೆಯಲ್ಲಿದ್ದ ದಿನಗಳಿಗೆ ಹಾಜರಾತಿಯಲ್ಲಿ ರಿಯಾಯಿತಿ ಇದೆಯೇ? ತಪ್ಪಿದ ಇಂಟರ್ನಲ್ಸ್ ಮತ್ತೆ ಬರೆಯಬಹುದೇ? ಹಾಸ್ಟೆಲಿನ ಮಂಚ ಅವನಿಗಾಗಿ ಖಾಲಿ ಇರುತ್ತದೆಯೇ? ಇವಕ್ಕೆ ಬರವಣಿಗೆಯಲ್ಲಿ ‘ಹೌದು’ ಎಂಬ ಉತ್ತರವಿದ್ದರೆ ರೂಮ್‌ಮೇಟ್ ಮೊದಲ ವಾರವೇ ಹೇಳುತ್ತಾನೆ.

ಏನನ್ನು, ಹೇಗೆ ಹೇಳುವುದು

ನಿಯಮಗಳು ಸರಿಯಾಗುವ ತನಕ ಕಾಯುವಷ್ಟು ಸಮಯ ಕೆಲವು ಸಲ ಇರುವುದಿಲ್ಲ. ಸಾಯುವ ಮಾತಾಡಿದವರನ್ನು ‘ನಿನಗೆ ಸಾಯಬೇಕು ಅನ್ನಿಸ್ತಿದೆಯಾ?’ ಎಂದು ನೇರವಾಗಿ ಕೇಳುವುದರಿಂದ ಆ ಯೋಚನೆ ತಲೆಗೆ ಬರುವುದಿಲ್ಲ ಎಂಬುದು ತಜ್ಞರು ಮತ್ತೆ ಮತ್ತೆ ಹೇಳುತ್ತಿರುವ ಮಾತು. ಕೇಳಿದರೆ ಬಹುತೇಕರಿಗೆ ಎದೆ ಹಗುರಾಗುತ್ತದೆ. ಉತ್ತರ ‘ಹೌದು’ ಎಂದಾದರೆ, ಅದರಲ್ಲೂ ಯಾವಾಗ, ಹೇಗೆ ಎಂಬ ಯೋಚನೆಯೂ ಇದ್ದರೆ ಅದು ತುರ್ತುಸ್ಥಿತಿ. ಒಬ್ಬರನ್ನೇ ಬಿಡಬಾರದು. 112ಕ್ಕೆ ಕರೆ ಮಾಡಬೇಕು, ಇಲ್ಲವೇ ಹತ್ತಿರದ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಕರೆದೊಯ್ಯಬೇಕು. ಪ್ರಯತ್ನ ನಡೆದೇಹೋಗಿದ್ದರೂ ಪೊಲೀಸ್ ಕೇಸಿನ ಭಯದಿಂದ ಮುಚ್ಚಿಡುವ ಅಗತ್ಯವಿಲ್ಲ. 2017ರ ಕಾಯ್ದೆಯ 115ನೇ ಕಲಂ ಅಂಥವರು ತೀವ್ರ ಒತ್ತಡದಲ್ಲಿದ್ದರು ಎಂದೇ ಭಾವಿಸುತ್ತದೆ ಮತ್ತು ಅವರಿಗೆ ಆರೈಕೆ, ಚಿಕಿತ್ಸೆ ಕೊಡುವ ಹೊಣೆಯನ್ನು ಸರ್ಕಾರದ ಮೇಲೆ ಹಾಕುತ್ತದೆ.

‘ಯಾರಿಗೂ ಹೇಳಬೇಡ’ ಎಂದು ಗೆಳೆಯ ಆಣೆ ಹಾಕಿಸಿಕೊಂಡಿದ್ದರೆ? ಜೀವದ ಪ್ರಶ್ನೆ ಬಂದಾಗ ಆ ಆಣೆಯನ್ನು ಮುರಿಯಲೇಬೇಕು. ಮುರಿಯುವ ಮೊದಲು ಅವನಿಗೇ ಹೇಳಿ ಮುರಿಯುವುದು ಒಳ್ಳೆಯದು: ‘ನನಗೆ ನಿನ್ನ ಬಗ್ಗೆ ಭಯ ಆಗ್ತಿದೆ ಕಣೋ, ನಾನೊಬ್ಬನೇ ಇದನ್ನ ಇಟ್ಕೊಳ್ಳೋಕಾಗಲ್ಲ, ಬಾ ಇಬ್ರೂ ಹೋಗೋಣ.’

ಅಷ್ಟು ತುರ್ತಿಲ್ಲದ ಸಂದರ್ಭದಲ್ಲಿ ಕಂಡದ್ದನ್ನು ಕಂಡಂತೆ ಹೇಳಿದರೆ ಸಾಕು. ‘ಅವನಿಗೆ ಡಿಪ್ರೆಷನ್ ಇದೆ’ ಎಂಬ ತೀರ್ಮಾನ ಗೆಳೆಯನ ಕೆಲಸವಲ್ಲ. ‘ಸೋಮವಾರದಿಂದ ಊಟ ಮಾಡಿಲ್ಲ, ತನ್ನ ಪುಸ್ತಕ ಎಲ್ಲ ಹಂಚಿಬಿಟ್ಟ, ಹೀಗೊಂದು ಮಾತು ಅಂದ’ ಎಂಬ ಮೂರು ಸಂಗತಿಗಳಿಂದ ಕೌನ್ಸೆಲರ್‌ಗೆ ಹೆಚ್ಚು ಉಪಯೋಗ. ಟೆಲಿ ಮಾನಸ್‌ನ 14416 ದಿನದ 24 ಗಂಟೆಯೂ ಉಚಿತ, ಕನ್ನಡದಲ್ಲೂ ಮಾತಾಡಬಹುದು. 2022ರ ಅಕ್ಟೋಬರ್ 10ರಂದು ಆರಂಭವಾದ ಈ ಸೇವೆಯ ಕೇಂದ್ರಬಿಂದು ಬೆಂಗಳೂರಿನ ನಿಮ್ಹಾನ್ಸ್. ತನಗೆ ತೊಂದರೆಯಿದ್ದವರೇ ಕರೆ ಮಾಡಬೇಕೆಂದಿಲ್ಲ, ಇನ್ನೊಬ್ಬರ ಬಗ್ಗೆ ಆತಂಕವಿದ್ದವರೂ ಏನು ಮಾಡಬೇಕೆಂದು ಕೇಳಬಹುದು.

ಕೌನ್ಸೆಲರ್ ಎಲ್ಲಿಂದ ಬರಬೇಕು

ಮಾರ್ಗಸೂಚಿ 100 ವಿದ್ಯಾರ್ಥಿಗಳ ಗೆರೆ ಎಳೆದಿದೆ. ಆ ಗೆರೆಯ ಆಚೆ 120 ಮಕ್ಕಳಿರುವ ಸಂಸ್ಥೆಯೂ ಇದೆ, 4,000 ಮಕ್ಕಳಿರುವ ಕಾಲೇಜೂ ಇದೆ. ಕನಿಷ್ಠ ಒಬ್ಬರು ಎಂಬುದು ಎರಡಕ್ಕೂ ಸಮಾನ. ಸೂಕ್ತ ಅನುಪಾತ ಇರಬೇಕು ಎಂದು ತೀರ್ಪು ಹೇಳಿದ್ದರೂ ‘ಒಬ್ಬರನ್ನು ನೇಮಿಸಿದ್ದೇವೆ’ ಎಂಬಲ್ಲಿಗೆ ನಿಲ್ಲುವ ಅಪಾಯ ಸ್ಪಷ್ಟ.

ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳಲ್ಲಿ ಇನ್ನೊಂದು ಕಷ್ಟ. ಪಾಠದ ದೊಡ್ಡ ಪಾಲು ನಡೆಯುತ್ತಿರುವುದು ಅತಿಥಿ ಉಪನ್ಯಾಸಕರಿಂದ. ಈ ವರ್ಷ ಇದ್ದವರು ಮುಂದಿನ ವರ್ಷ ಇದೇ ಕಾಲೇಜಿನಲ್ಲಿ ಇರುತ್ತಾರೆಂಬ ಖಾತರಿಯಿಲ್ಲ. ಮೆಂಟರ್ ವ್ಯವಸ್ಥೆಯ ಜೀವಾಳವೇ ಒಬ್ಬ ಮೇಷ್ಟ್ರು ಒಬ್ಬ ವಿದ್ಯಾರ್ಥಿಯನ್ನು ಮೂರು ವರ್ಷ ನೋಡುವುದು. ‘ಮೊದಲು ಹೀಗಿರಲಿಲ್ಲ ಇವಳು’ ಎಂದು ಹೇಳಬೇಕಾದರೆ ಮೊದಲು ಹೇಗಿದ್ದಳು ಎಂಬುದು ಗೊತ್ತಿರಬೇಕು. ಹಳ್ಳಿಗಳಿಂದ ಬಸ್ಸಿನಲ್ಲಿ ಬಂದು ಹೋಗುವ ಮಕ್ಕಳಿಗೆ ನಾಲ್ಕು ಗಂಟೆಯ ಬಸ್ಸು ತಪ್ಪಿದರೆ ಮುಂದಿನದು ಕತ್ತಲಾದ ಮೇಲೆ. ಕೌನ್ಸೆಲರ್ ಕೊಠಡಿ ಕ್ಲಾಸು ಮುಗಿದ ಮೇಲೆ ತೆರೆದರೆ ಅವರಿಗೆ ಅದು ಇಲ್ಲದ ಹಾಗೆಯೇ.

ಆದರೂ ಕರ್ನಾಟಕ ಇದರಲ್ಲಿ ಬರಿಗೈಯಲ್ಲಿಲ್ಲ. 1980ರ ದಶಕದಲ್ಲಿ ನಿಮ್ಹಾನ್ಸ್ ಬಳ್ಳಾರಿ ಜಿಲ್ಲೆಯಲ್ಲಿ ಸಾಮಾನ್ಯ ವೈದ್ಯರಿಗೆ, ಆರೋಗ್ಯ ಕಾರ್ಯಕರ್ತರಿಗೆ ತರಬೇತಿ ಕೊಟ್ಟು ಹಳ್ಳಿಯ ಮಟ್ಟದಲ್ಲೇ ಮಾನಸಿಕ ಕಾಯಿಲೆ ಗುರುತಿಸುವ ಪ್ರಯೋಗ ಮಾಡಿತು. 1996ರಲ್ಲಿ ದೇಶದಲ್ಲಿ ಆರಂಭವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾದದ್ದು ಅದೇ. ರಾಜ್ಯದ ಮನೋಚೈತನ್ಯ ಕಾರ್ಯಕ್ರಮದಡಿ ತಾಲ್ಲೂಕು ಆಸ್ಪತ್ರೆಗಳಿಗೆ ಮಂಗಳವಾರಗಳಂದು ಮನೋವೈದ್ಯರು ಬರುವ ವ್ಯವಸ್ಥೆಯಿದೆ. ತಾಲ್ಲೂಕು ಕೇಂದ್ರದ ಕಾಲೇಜೊಂದು ಆ ಕ್ಲಿನಿಕ್ಕಿನೊಂದಿಗೆ ಲಿಖಿತ ಒಪ್ಪಂದ ಮಾಡಿಕೊಂಡು, ಮಂಗಳವಾರ ಅಲ್ಲಿಗೆ ಹೋಗುವ ವಿದ್ಯಾರ್ಥಿಗೆ ಹಾಜರಾತಿ ಕೊಡಲು ಒಪ್ಪಿದರೆ ಹೊಸ ಹುದ್ದೆ ಮಂಜೂರಾಗುವ ತನಕ ಕಾಯಬೇಕಿಲ್ಲ.

ಮಾರ್ಗಸೂಚಿಯ ಪ್ರಕಾರ ಪ್ರತಿ ಸಂಸ್ಥೆ ವರ್ಷಕ್ಕೊಮ್ಮೆ ತನ್ನ ನಿಯಂತ್ರಣ ಸಂಸ್ಥೆಗೆ ಹೆಸರುಗಳಿಲ್ಲದ ವರದಿ ಕಳಿಸಬೇಕು. ಎಷ್ಟು ತರಬೇತಿ ನಡೆಯಿತು, ಎಷ್ಟು ವಿದ್ಯಾರ್ಥಿಗಳನ್ನು ತಜ್ಞರ ಬಳಿ ಕಳಿಸಲಾಯಿತು ಎಂಬ ಲೆಕ್ಕ ಅದರಲ್ಲಿರುತ್ತದೆ. ಹೀಗೆ ಕಳಿಸಿದವರಲ್ಲಿ ಎಷ್ಟು ಮಂದಿ ಮರಳಿ ಬಂದು ಅದೇ ತರಗತಿಯಲ್ಲಿ ಕುಳಿತರು, ಮುಂದಿನ ಸೆಮಿಸ್ಟರ್ ಪರೀಕ್ಷೆ ಬರೆದರು ಎಂಬ ಲೆಕ್ಕವನ್ನೂ ಯುಜಿಸಿ ಮತ್ತು ವಿಶ್ವವಿದ್ಯಾಲಯಗಳು ಈ ವರದಿಯಲ್ಲಿ ಕೇಳಬೇಕು.